ತಾನೇ ದಾರಿ ಹಿಡಿಯುವ ವಿಮಾನದ ಮಾಸ್ತರರು

ಮಾಸ್ತರರು ನನ್ನ ಅಂಗಡಿಗೆ ಮೊದಲ ಸಲ ಬಂದ ದಿನವೇ ಮೂರು ವಾಚುಗಳನ್ನು ಕೆಡಿಸಿ ಹೋದರು. ಅವರದ್ದಲ್ಲ, ನನ್ನ ಗಿರಾಕಿಗಳದ್ದು.

ಶಿರಸಿಯಲ್ಲಿ ಬಸ್‌ಸ್ಟ್ಯಾಂಡಿಗೆ ಹತ್ತಿರವೇ ನಮ್ಮಪ್ಪ ಹಾಕಿದ ವಾಚ್ ರಿಪೇರಿ ಅಂಗಡಿ. ಎರಡು ಆಳು ಕೂತರೆ ಮೂರನೆಯವರು ರಸ್ತೆಯಲ್ಲಿ ನಿಲ್ಲಬೇಕು, ಅಷ್ಟು ಜಾಗ. ತೊಂಬತ್ತರ ದಶಕದ ನಡುವಿನ ಮಾತು ಇದು. ಒಂದು ಮಧ್ಯಾಹ್ನ ಇಸ್ತ್ರಿ ಮಾಡಿದ ಬಿಳಿ ಅಂಗಿಯ, ಒಣಕಲು ಆಳೊಬ್ಬರು ಬಂದು ಪೇಪರಿನಲ್ಲಿ ಸುತ್ತಿದ ಒಂದು ಪೊಟ್ಟಣವನ್ನು ನನ್ನ ಮೇಜಿನ ಮೇಲಿಟ್ಟು, "ವಾಚಿನ ಕಲ್ಲು ಬೇಕು" ಅಂದರು. ವಾಚಿನ ಒಳಗೆ ಚಕ್ರಗಳ ಮೊನೆ ತಿರುಗುವುದು ಕೆಂಪು ಹರಳಿನ ಸಣ್ಣ ಗುಣಿಯಲ್ಲಿ. ಅದನ್ನೇ ನಮ್ಮ ಕಸುಬಿನಲ್ಲಿ ಕಲ್ಲು ಅನ್ನುವುದು. ಎಂಥ ಕಲ್ಲು, ಯಾವ ವಾಚಿಗೆ ಎಂದು ನಾನು ಕೇಳುತ್ತಿದ್ದೆ. ಅವರು ಉತ್ತರ ಕೊಡುವ ಬದಲು ಪೊಟ್ಟಣ ಬಿಚ್ಚಿದರು. ಒಳಗಿದ್ದದ್ದು ಶಾಲೆಯ ಪ್ರಯೋಗಾಲಯದ ಎರಡು ದಂಡಕಾಂತ.

ವಾಚ್ ರಿಪೇರಿಯವನ ಮೇಜಿನ ಮೇಲೆ ಅಯಸ್ಕಾಂತ ಇಡುವುದೂ ಹಾಲಿನ ಪಾತ್ರೆಗೆ ಲಿಂಬೆಹಣ್ಣು ಹಿಂಡುವುದೂ ಒಂದೇ. ವಾಚಿನ ಕೂದಲೆಳೆಯಂಥ ಸ್ಪ್ರಿಂಗಿಗೆ ಕಾಂತದ ಗುಣ ಹತ್ತಿದರೆ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡು ವಾಚು ಹುಚ್ಚು ಹಿಡಿದ ಹಾಗೆ ಮುಂದಕ್ಕೆ ಓಡುತ್ತದೆ. ನನ್ನ ಮುಂದೆ ಆಗ ಮೂರು ವಾಚು ಬಿಚ್ಚಿಟ್ಟಿದ್ದವು.

"ಇದೆಂತ ಮಾಡಿದ್ರಿ? ಕಾಂತವನ್ನ ತಂದು ವಾಚಿನ ಹತ್ರ ಇಡುದಾ?" ಅಂದೆ.

"ನಾನು ಇಟ್ಟದ್ದು ಮೇಜಿನ ಮೇಲೆ. ಮೇಜಿನ ತುಂಬ ವಾಚು ಹರಡಿಕೊಂಡು ಕೂತದ್ದು ನೀನು" ಅಂದರು.

ಅದು ಮೊದಲ ಮಾತು. ಮುಂದಿನ ಹದಿನೈದು ವರ್ಷ ನಮ್ಮಿಬ್ಬರ ನಡುವೆ ನಡೆದದ್ದೆಲ್ಲ ಇದೇ ಮಾತಿನ ಬೇರೆ ಬೇರೆ ರೂಪ. ಈಗ ಅವರಿಲ್ಲ. ಅವರು ಕಲಿಸಿದ ಶಾಲೆಯವರು ನೆನಪಿನ ಪುಸ್ತಕವೊಂದನ್ನು ತರುತ್ತಾರಂತೆ. ಅದಕ್ಕೆ ಬರೆಯಿರಿ ಎಂದು ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ದಾಕ್ಷಿಣ್ಯಕ್ಕೆ ನಾಲ್ಕು ಒಳ್ಳೆಯ ಮಾತು ಸೇರಿಸಬೇಕಾಗುತ್ತಿತ್ತು. ಕೇಳದೇ ಇದ್ದದ್ದರಿಂದ ಇದ್ದ ಹಾಗೆ ಬರೆಯುತ್ತಿದ್ದೇನೆ.

ಮಾಸ್ತರರ ಮನೆ ಸಿದ್ದಾಪುರದ ಹತ್ತಿರ, ಕೋಲಸಿರ್ಸಿಯ ಕಡೆ. ವಾಯುಸೇನೆಯಲ್ಲಿ ವಿಮಾನ ರಿಪೇರಿಯ ವಿಭಾಗದಲ್ಲಿದ್ದು, ಅಲ್ಲಿಂದ ಬಿಟ್ಟು ಬಂದು, ಹೈಸ್ಕೂಲಿನಲ್ಲಿ ಕರಕುಶಲ ಕಲಿಸುವ ಕೆಲಸಕ್ಕೆ ಸೇರಿದ್ದರು. ಅವರ ಜೀವವಿದ್ದದ್ದು ಪಾಠದಲ್ಲಲ್ಲ, ತೋಳುದ್ದದ ವಿಮಾನಗಳಲ್ಲಿ. ಇಂಜಿನ್ ಇಲ್ಲದ, ರೇಡಿಯೊ ಇಲ್ಲದ, ಕೆಳಗೆ ನಿಂತು ಗುಂಡಿ ಒತ್ತಿ ತಿರುಗಿಸುವ ಯಾವ ಉಪಾಯವೂ ಇಲ್ಲದ ವಿಮಾನಗಳು. ಕೈಬಿಟ್ಟ ಮೇಲೆ ಅವು ತಮ್ಮ ದಾರಿಯನ್ನು ತಾವೇ ಹಿಡಿಯಬೇಕು. "ಬಿಟ್ಟ ಮೇಲೆ ಅದು ನಮ್ಮದಲ್ಲ. ಹೇಳೂದನ್ನೆಲ್ಲ ಬಿಡೂಕೆ ಮೊದ್ಲೇ ಹೇಳಿ ಕಳಿಸ್ಬೇಕು" ಎಂಬುದು ಅವರು ಯಾವಾಗಲೂ ಆಡುತ್ತಿದ್ದ ಮಾತು. ಮಾತು ಚೆನ್ನಾಗಿದೆ. ಮನುಷ್ಯರಿಗೂ ಅವರು ಹಾಗೇ ಮಾಡುತ್ತಿದ್ದರು, ಹೇಳುವುದನ್ನೆಲ್ಲ ಒಂದೇ ಸಲಕ್ಕೆ ಹೇಳಿ ಹೋಗುತ್ತಿದ್ದರು. ಎದುರಿನವರು ಆಮೇಲೆ ಎಲ್ಲಿ ಹೋಗಿ ಬಿದ್ದರು ಎಂದು ತಿರುಗಿ ನೋಡುತ್ತಿರಲಿಲ್ಲ.

ವಿಮಾನಕ್ಕೆ 'ಹೇಳಿ ಕಳಿಸುವ' ಅವರ ಉಪಾಯಗಳನ್ನು ಮಾತ್ರ ನಾನು ಹೊಟ್ಟೆಕಿಚ್ಚಿನಿಂದಲೇ ಮೆಚ್ಚಬೇಕು. ಒಂದು ಜಾತಿಯದನ್ನು ಗಾಳಿಪಟದ ಹಾಗೆ ದಾರ ಕಟ್ಟಿ, ಓಡಿ, ಮೇಲೇರಿಸುವುದು. ದಾರ ಬಿಗಿಯಾಗಿರುವವರೆಗೆ ಬಾಲದ ಪಟ್ಟಿ ನೆಟ್ಟಗಿರುತ್ತದೆ. ದಾರ ಕಳಚಿಕೊಂಡ ಕ್ಷಣ ಒಂದು ಎಳೆ ರಬ್ಬರು ಆ ಪಟ್ಟಿಯನ್ನು ಚೂರೇ ಚೂರು ಎಡಕ್ಕೆ ಎಳೆಯುತ್ತದೆ. ವಿಮಾನ ಗಿಡುಗನ ಹಾಗೆ ಸುತ್ತತೊಡಗುತ್ತದೆ. ಬಿಸಿಲಿಗೆ ಕಾದ ಗದ್ದೆಯಿಂದ ಏಳುವ ಗಾಳಿಯಲ್ಲಿ ಹಾಗೆ ಸುತ್ತಿ ಸುತ್ತಿ ಮೇಲೇರುತ್ತದೆ. ಏರುತ್ತ ಏರುತ್ತ ಕಾಡಿನ ಮೇಲೆ ಹೋಗಿಬಿಟ್ಟರೆ ಸಿಗುವುದಿಲ್ಲವಲ್ಲ, ಅದಕ್ಕೆ ಬಾಲದಲ್ಲಿ ಅರ್ಧ ಬೆರಳುದ್ದದ ಊದುಬತ್ತಿ. ಅದು ಉರಿದು ಬಂದು ಇನ್ನೊಂದು ರಬ್ಬರನ್ನು ಸುಟ್ಟರೆ ಬಾಲ ಮೇಲಕ್ಕೆ ಮಡಚಿ, ವಿಮಾನ ಎಲೆಯ ಹಾಗೆ ತೇಲಿಕೊಂಡು ಕೆಳಗಿಳಿಯುತ್ತದೆ. ನಮ್ಮ ಪಕ್ಕದ ಅಂಗಡಿಯಲ್ಲಿ ಒಂದೊಂದೇ ಊದುಬತ್ತಿ ಹಚ್ಚಿಸಿ, ವಾಚು ಹಿಡಿದು ನೋಡಿ, ಅತಿ ಕೆಟ್ಟ ವಾಸನೆಯದನ್ನೇ ಆರಿಸಿಕೊಂಡು ಹೋಗುತ್ತಿದ್ದರು. "ದೇವರಿಗೆ ಪರಿಮಳ ಬೇಕು. ನಂಗೆ ಟೈಮು ಬೇಕು."

ರೆಕ್ಕೆಗೆ ಬಿದಿರ ಸೀಳು, ಗಾಳಿಪಟದ ಕಾಗದ, ಅಂಚಿಗೆ ಮದುಮಕ್ಕಳ ಹಣೆಗೆ ಕಟ್ಟುವ ಬಾಸಿಂಗ ಮಾಡುವವರ ಹತ್ತಿರ ತಂದ ಬೆಂಡು. ಮದುವೆಯ ಕಾಲದಲ್ಲಿ ಬೆಂಡಿಗಾಗಿ ಆ ಪಾಪದವರ ಹತ್ತಿರ ಜಗಳ ಮಾಡುತ್ತಿದ್ದರು. ಹುಲಗೋಳದ ಕಡೆ ಕೊಯ್ಲಾದ ಗದ್ದೆಯಲ್ಲಿ ಒಮ್ಮೆ ಅವರದೇ ಶಾಲೆಗೆ ಪಾಠ ಹೇಳಲು ಬಂದ ಹೊಸ ಅಕ್ಕೋರು ಒಬ್ಬರು, ರಜೆಯಲ್ಲಿ ಕೂತು ತಾವೇ ಕಟ್ಟಿದ ವಿಮಾನವನ್ನು ತೋರಿಸಲು ತಂದಿದ್ದರು. ಮಾಸ್ತರರು ಅದನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, "ಚೆಂದ ಇದ್ದು. ಯಾವ ಮದುಮಗನಿಗೆ ಕಟ್ತೀರಿ?" ಅಂದು ವಾಪಸು ಕೊಟ್ಟರು. ಆ ಅಕ್ಕೋರು ಆಮೇಲೆ ಯಾವತ್ತೂ ವಿಮಾನ ಮುಟ್ಟಲಿಲ್ಲ ಎಂದು ಕೇಳಿದ್ದೇನೆ.

ಇನ್ನೊಂದು ಸಲ ಅವರ ವಿಮಾನ ಯಲ್ಲಾಪುರದ ಹತ್ತಿರ ಕಾಡಿನ ಮೇಲೆ ಹೋಗಿ ಕಳೆದುಹೋಯಿತು. ಊದುಬತ್ತಿ ಆರಿತ್ತಂತೆ. ವಾರದ ಮೇಲೆ ಹುಬ್ಬಳ್ಳಿ ಕಡೆಯ ಲಾರಿ ಡ್ರೈವರ್ ಒಬ್ಬ ಅದನ್ನು ರಸ್ತೆ ಬದಿಯ ಮರದಿಂದ ಇಳಿಸಿ, ಬಾಲದ ಮೇಲೆ ಬರೆದ ನನ್ನ ಅಂಗಡಿಯ ವಿಳಾಸ ನೋಡಿ, ಶಿರಸಿಗೆ ಬಂದಾಗ ಕೊಡಲು ತಂದ. ಆ ಹೊತ್ತಿಗೆ ಸರಿಯಾಗಿ ಮಾಸ್ತರರೂ ಅಲ್ಲಿದ್ದರು.

"ತಗೋರ್ರೀ ಸರ, ನಿಮ್ಮ ವಿಮಾನ. ಧೂಳ ಭಾಳ ಕುಂತಿತ್ತು, ಒದ್ದಿ ಅರಿವಿಲೆ ಸ್ವಚ್ಛ ಒರಸೀನಿ" ಅಂದ ಡ್ರೈವರ್ ಖುಷಿಯಿಂದ.

ಒದ್ದೆ ಬಟ್ಟೆ ತಾಗಿ ರೆಕ್ಕೆಯ ಕಾಗದ ಸುಕ್ಕುಗಟ್ಟಿತ್ತು. ಮಾಸ್ತರರು ಅದನ್ನು ಬೆಳಕಿಗೆ ಹಿಡಿದು ನೋಡಿ, "ಮರದ ಮೇಲೇ ಇದ್ದಿದ್ರೆ ಸರಿ ಇರ್ತಿತ್ತು" ಅಂದರು. ಡ್ರೈವರ್ ನನ್ನ ಮುಖ ನೋಡಿದ. ನಾನು ಅವನಿಗೆ ಚಾ ತರಿಸಿದೆ. ಮಾಸ್ತರರು ಮಾಡಿದ್ದಕ್ಕೆ ಚಾ ಕುಡಿಸುವುದು ಆ ವರ್ಷಗಳಲ್ಲಿ ನನ್ನ ಇನ್ನೊಂದು ಕಸುಬಾಗಿತ್ತು.

ಅವರು ಕಲ್ಲು ಕೇಳಲು ಬಂದದ್ದು ಇನ್ನೊಂದು ಜಾತಿಯ ವಿಮಾನಕ್ಕೆ. ಅದನ್ನು ಗುಡ್ಡದ ಇಳಿಜಾರಿನಿಂದ ಎದುರು ಗಾಳಿಗೆ ಬಿಡಬೇಕು. ಸುತ್ತುವ ಹಾಗಿಲ್ಲ, ಮೂಗು ಹಿಡಿದ ದಿಕ್ಕಿಗೇ ನೆಟ್ಟಗೆ ಹೋಗಬೇಕು. ಗಾಳಿ ಪಕ್ಕಕ್ಕೆ ತಳ್ಳಿದರೂ ತಾನೇ ಸರಿಪಡಿಸಿಕೊಂಡು ಮತ್ತೆ ಅದೇ ದಿಕ್ಕು ಹಿಡಿಯಬೇಕು. ಅದಕ್ಕೆ ಮೂಗಿನಲ್ಲಿ ಒಂದು ದಂಡಕಾಂತ. ದಿಕ್ಸೂಚಿಯ ಮುಳ್ಳಿನ ಹಾಗೆ ಅದು ಸದಾ ಉತ್ತರ ನೋಡುತ್ತದೆ. ಅದರ ಜೊತೆಗೇ ತಿರುಗುವ ಹಾಗೆ ಮೇಲೊಂದು ಸಣ್ಣ ರೆಕ್ಕೆಪಟ್ಟಿ, ನಡುವೆ ಒಂದು ತಿರುಪು. ವಿಮಾನದ ಮೂಗನ್ನು ಬೇಕಾದ ದಿಕ್ಕಿಗೆ ಹಿಡಿದು, ಕಾಂತ ಅಲ್ಲಾಡದೆ ನಿಂತ ಮೇಲೆ ಪಟ್ಟಿಯನ್ನು ನೆಟ್ಟಗೆ ಮಾಡಿ ತಿರುಪು ಬಿಗಿದರೆ ಮುಗಿಯಿತು. ಆಮೇಲೆ ವಿಮಾನ ಆ ಕಡೆ ಈ ಕಡೆ ಹೊರಳಿದರೆ ಕಾಂತ ಹೊರಳುವುದಿಲ್ಲ. ಪಟ್ಟಿ ಗಾಳಿಗೆ ಅಡ್ಡವಾಗಿ, ಮೂಗನ್ನು ಮತ್ತೆ ದಾರಿಗೆ ತರುತ್ತದೆ.

ಇದಕ್ಕೆ ಬೇಕಾದದ್ದು ಒಂದೇ. ಕಾಂತ ಕೂರುವ ಮೊನೆ ಕೂದಲೆಳೆಯಷ್ಟೂ ತಡವರಿಸದೆ ತಿರುಗಬೇಕು. ಅದಕ್ಕೇ ವಾಚಿನ ಕಲ್ಲು.

ನಾನು ಎರಡು ವಾರ ಕೂತೆ. ಹಳೆಯ ಗೋಡೆ ಗಡಿಯಾರದ ಉಕ್ಕಿನ ತುಂಡಿನಿಂದ ಮೊನೆ ಅರೆದೆ. ಕಲ್ಲು ಕೂರಿಸಿದೆ. ಕಾಂತವನ್ನು ಮಾತ್ರ ಅಂಗಡಿಯ ಒಳಗೆ ಬಿಡದೆ ಹಿಂದಿನ ಜಗುಲಿಯಲ್ಲಿಟ್ಟು ಜೋಡಿಸಿದೆ. ಬಾಯಿಂದ ಉಸಿರು ಬಿಟ್ಟರೆ ಅದು ಹೊರಳಿ, ಮೆಲ್ಲಗೆ ವಾಪಸು ಬಂದು, ಅದೇ ಜಾಗದಲ್ಲಿ ನಿಲ್ಲುತ್ತಿತ್ತು. ಅಪ್ಪ ಬಂದು ಬಗ್ಗಿ ನೋಡಿದ. ಅಪ್ಪನಿಗೆ ಹೊಗಳುವ ಅಭ್ಯಾಸವಿರಲಿಲ್ಲ. "ಇದನ್ನ ಇನ್ನೊಬ್ಬ ಮಾಡ್ಬಹುದು, ಹುಬ್ಬಳ್ಳಿಲಿ" ಅಂದ. ಅವನ ಬಾಯಲ್ಲಿ ಅದಕ್ಕಿಂತ ದೊಡ್ಡ ಮಾತು ನಾನು ಕೇಳಿಲ್ಲ.

ಮಾಸ್ತರರು ನೋಡಿ, "ತಿರುಗ್ತದೆ" ಅಂದರು. ಅಷ್ಟೆ.

ಆ ವರ್ಷ ಅವರ ಶಾಲೆಯಲ್ಲಿ ಸುತ್ತಲಿನ ಶಾಲೆಗಳೆಲ್ಲ ಸೇರುವ ವಿಜ್ಞಾನ ವಸ್ತುಪ್ರದರ್ಶನ. ಶಾಲೆಯ ಹಿಂದೆ ಪಶ್ಚಿಮಕ್ಕೆ ಇಳಿಯುವ ಒಂದು ಹುಲ್ಲಿನ ಬೇಣ. ಬದಿಗೆ ಶಾಮಿಯಾನ, ಕುರ್ಚಿ, ಮೈಕು. ಶಿಕ್ಷಣ ಇಲಾಖೆಯ ದೊಡ್ಡ ಅಧಿಕಾರಿಗಳು, ಸುತ್ತಲಿನ ಮೂರು ತಾಲೂಕಿನ ಮಾಸ್ತರರು, ಊರವರು. ಶಿರಸಿಯಿಂದ ನಾನೂ ಅಪ್ಪನೂ ಅಂಗಡಿ ಬಾಗಿಲು ಹಾಕಿ ಹೋಗಿದ್ದೆವು. ಕೈಗಡಿಯಾರ ಕಟ್ಟಿದ ಅರ್ಧ ಜನ ನಮ್ಮ ಗಿರಾಕಿಗಳೇ. ಅಪ್ಪ ಹೊಸ ಪಂಚೆ ಉಟ್ಟಿದ್ದ.

ಮಾಸ್ತರರು ಬೆಳಿಗ್ಗೆಯೇ ಬಂದು ಬೇಣದ ಇಳಿಜಾರಿನ ಮುಳ್ಳು ಸವರಿ ದಾರಿ ಮಾಡಿದ್ದರು. ವಿಮಾನ ಬಿಡುವ ಹೊತ್ತಿಗೆ ಬಾಲ ಹಿಡಿಯಲು ನನ್ನನ್ನೇ ಕರೆದರು. ಜೇಬಿನಿಂದ ಒಂದು ಚೂರು ಬೂರಲ ಹತ್ತಿ ತೆಗೆದು ಗಾಳಿಗೆ ಬಿಟ್ಟು ನೋಡಿದರು. ಕುಕ್ಕರುಗಾಲಲ್ಲಿ ಕೂತು, ಮೂಗನ್ನು ನೇರ ಪಶ್ಚಿಮಕ್ಕೆ ಹಿಡಿದು, ಕಾಂತ ನಿಲ್ಲುವವರೆಗೆ ಕಾದು, ಪಟ್ಟಿ ಸರಿ ಮಾಡಿ, ತಿರುಪು ಬಿಗಿದರು. ಎದ್ದು ನಾಲ್ಕು ಹೆಜ್ಜೆ ಓಡಿ ಬಿಟ್ಟರು.

ವಿಮಾನ ಕೈಬಿಟ್ಟು ಹತ್ತು ಮಾರು ನೆಟ್ಟಗೆ ಹೋಯಿತು. ಆಮೇಲೆ ಯಾರೋ ಕಿವಿ ಹಿಡಿದು ತಿರುಗಿಸಿದ ಹಾಗೆ ಬಲಕ್ಕೆ ಹೊರಳಿತು. ಹೊರಳಿ ಸುತ್ತಲಿಲ್ಲ. ಹೊಸ ದಿಕ್ಕನ್ನೇ ಗಟ್ಟಿಯಾಗಿ ಹಿಡಿದು, ನೇರವಾಗಿ, ಬಹಳ ಗಂಭೀರವಾಗಿ ಶಾಮಿಯಾನದ ಕಡೆ ಬಂತು. ಅಧಿಕಾರಿಗಳು ತಲೆ ತಗ್ಗಿಸಿದರು. ಅದು ಕಂಬಕ್ಕೆ ಬಡಿದು, ಮೂಗು ಮುರಿದು, ಹೂಹಾರದ ತಟ್ಟೆಯ ಪಕ್ಕದಲ್ಲಿ ಬಿತ್ತು. ಜನ ಬಿದ್ದು ಬಿದ್ದು ನಕ್ಕರು.

ಮಾಸ್ತರರು ಓಡಲಿಲ್ಲ. ನಡೆದು ಬಂದರು. ಮೈಕಿನ ಮುಂದೆ ನಿಂತರು. ನಗು ನಿಂತಿತು.

"ಯಂತ್ರದ ಲೆಕ್ಕಾಚಾರದಲ್ಲಿ ದೋಷವಿಲ್ಲ. ಶಿರಸಿಯ ವಾಚ್ ರಿಪೇರಿಯವರು ಕೂರಿಸಿದ ಕಲ್ಲು ಹಿಡಿದುಕೊಂಡಿದೆ. ಕೈ ನೋಡದೆ ಕೆಲಸ ಕೊಟ್ಟದ್ದು ನನ್ನ ತಪ್ಪು" ಅಂದರು.

ನಾನು ಬೇಣದಲ್ಲಿ ನಿಂತಿದ್ದೆ. ಅಪ್ಪ ಮೂರನೆಯ ಸಾಲಿನ ಕುರ್ಚಿಯಲ್ಲಿದ್ದ. ಜನ ತಿರುಗಿ ನೋಡಿದ್ದು ಅವನನ್ನು.

ಮುರಿದ ಮೂಗಿನ ತುಂಡನ್ನು ನಾನು ಹುಲ್ಲಿನಿಂದ ಹೆಕ್ಕಿ ತಂದಿದ್ದೆ. ಮಾರನೆಯ ದಿನ ಅಪ್ಪ ಅದನ್ನು ಜಗುಲಿಯಲ್ಲಿಟ್ಟು, ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು, ಮೊನೆ ನೋಡಿದ, ಕಲ್ಲು ನೋಡಿದ, ಉಸಿರು ಬಿಟ್ಟು ನೋಡಿದ. ಕಾಂತ ಹೊರಳಿ, ಮೆಲ್ಲಗೆ ತನ್ನ ಜಾಗಕ್ಕೆ ಬಂತು.

"ಕಲ್ಲಿನಲ್ಲಿ ಎಂತದೂ ಇಲ್ಲ" ಅಂದ. ಕಣ್ಣಿನ ಗಾಜು ತೆಗೆದು, "ಆದ್ರೂ ಅವ್ರು ಅಷ್ಟು ಕಲ್ತವ್ರು" ಅಂದ.

ಆ 'ಆದ್ರೂ' ನನ್ನ ಎದೆಯಲ್ಲಿ ಉಳಿಯಿತು. ಹೊರಗಿನವರ ಮಾತು ತಡೆದುಕೊಳ್ಳಬಹುದಿತ್ತು. ಸಿದ್ದಾಪುರದ ಬಸ್ಸು ಹತ್ತಿದರೆ ಕಂಡಕ್ಟರು, "ಬರ್ಲಿ ಬರ್ಲಿ, ವಿಮಾನ ಬೀಳ್ಸಿದ ವಾಚಿನವ್ರಿಗೆ ಸೀಟು ಬಿಡಿ" ಅನ್ನುತ್ತಿದ್ದ. ಅಜ್ಜನ ಕಾಲದ ಒಳ್ಳೆಯ ವಾಚುಗಳು ನಮ್ಮ ಅಂಗಡಿ ದಾಟಿ ಹುಬ್ಬಳ್ಳಿಗೆ ಹೋಗತೊಡಗಿದವು. ಸೆಲ್ಲಿನ ವಾಚು ಬಂದು ಕಸುಬು ಹೇಗೂ ಸೊರಗುತ್ತಿದ್ದ ಕಾಲ, ಎಲ್ಲವನ್ನೂ ಮಾಸ್ತರರ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಅಪ್ಪ ಆಮೇಲೆ ಸಣ್ಣ ಕೆಲಸವನ್ನೆಲ್ಲ ನನಗೆ ಬಿಟ್ಟು, ಕಲ್ಲು ಕೂರಿಸುವುದಿದ್ದರೆ ಮಾತ್ರ, "ತಾ ಇಲ್ಲಿ, ನಾನೇ ನೋಡ್ತೆ" ಅನ್ನುತ್ತಿದ್ದ. ಇದನ್ನು ಮಾಸ್ತರರ ತಲೆಗೇ ಕಟ್ಟುತ್ತೇನೆ. ಹಾಗೆ ಮೂರು ವರ್ಷ ನಡೆಯಿತು. ನಾಲ್ಕನೆಯ ಮಳೆಗಾಲಕ್ಕೆ ಅಪ್ಪ ತೀರಿಕೊಂಡ.

ಅವನು ಹೋಗಿ ವರ್ಷವಾಗಿರಬೇಕು. ಕೋಲಸಿರ್ಸಿ ಕಡೆಯ ತಿಮ್ಮಪ್ಪ ಎಂಬ ಗಿರಾಕಿ, ಗದ್ದೆಯಿಂದ ನೇರ ಬಸ್ಸು ಹತ್ತಿದವನು, ಬೆಲ್ಟು ಹರಿದ ವಾಚು ಹಿಡಿದುಕೊಂಡು ಬಂದ. ನಾನು ಹಿಂದಿನ ಜಗುಲಿಯಲ್ಲಿದ್ದೆ. ಆ ಮೂಗಿನ ತುಂಡು ಅಲ್ಲೇ ಹಲಗೆಯ ಮೇಲೆ ಇತ್ತು. ಆಗಾಗ ಅದರ ಮೇಲೆ ಉಸಿರು ಬಿಟ್ಟು ನೋಡುವುದು ನನಗೆ ಒಂದು ಚಟವಾಗಿತ್ತು, ಹಲ್ಲು ನೋವಿದ್ದಲ್ಲಿಗೇ ನಾಲಿಗೆ ಹೋದ ಹಾಗೆ. ತಿಮ್ಮಪ್ಪ ಬಂದವನು ಹಲಗೆಗೆ ಬೆನ್ನು ಮಾಡಿ ಕೂತ.

ಕಾಂತ ಮೆಲ್ಲಗೆ ತಿರುಗಿ ಅವನ ಸೊಂಟ ನೋಡತೊಡಗಿತು.

ಅವನ ಸೊಂಟದ ಹಿಂದೆ ಕೊಕ್ಕೆಗೆ ಸಿಕ್ಕಿಸಿದ ಕತ್ತಿ ತೂಗುತ್ತಿತ್ತು.

"ತಿಮ್ಮಪ್ಪ, ಒಂಚೂರು ಏಳು" ಅಂದೆ.

"ಎಂತಕ್ರಾ?"

"ಏಳು ಮಾರಾಯ."

ಎದ್ದು ದೂರ ಹೋದ. ಕಾಂತ ಉತ್ತರಕ್ಕೆ ಬಂತು. ಕೂರಿಸಿದೆ, ಹೊರಳಿತು. ಏಳಿಸಿದೆ, ವಾಪಸು ಬಂತು. ಏಳೆಂಟು ಸಲ ಏಳಿಸಿ ಕೂರಿಸಿದ ಮೇಲೆ ತಿಮ್ಮಪ್ಪ, "ನಿಮ್ಗೆ ಆರಾಮಿಲ್ಲನ್ರಾ? ಬೆಲ್ಟು ನಾಳೆ ಹಾಕಿದ್ರೂ ಅಡ್ಡಿಲ್ಲೆ" ಅಂದ.

ನಮ್ಮ ಕಡೆ ತೋಟ ಗದ್ದೆಗೆ ಹೋಗುವವರ ಸೊಂಟದಲ್ಲಿ ಕತ್ತಿ ಇರುವುದು ಅಂಗಿಗೆ ಗುಂಡಿ ಇದ್ದ ಹಾಗೆ. ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಬೇಣದ ಮುಳ್ಳು ಸವರಿದ ಕತ್ತಿ ಅವತ್ತು ಮಾಸ್ತರರ ಸೊಂಟದಲ್ಲೇ ಇತ್ತು. ಕುಕ್ಕರುಗಾಲಲ್ಲಿ ಕೂತಾಗ ಅದು ಬದಿಗೆ ಜಾರಿ, ವಿಮಾನದ ಮೂಗಿಗೆ ಒಂದು ಗೇಣು ದೂರದಲ್ಲಿ ತೂಗಿತ್ತು. ಬಾಲ ಹಿಡಿದು ಹಿಂದೆ ನಿಂತಿದ್ದ ನನ್ನ ಕಣ್ಣೆದುರಿಗೇ ತೂಗಿತ್ತು. ಕಾಂತ ನೋಡಿದ್ದು ಉತ್ತರವನ್ನಲ್ಲ, ಕತ್ತಿಯನ್ನು. ತಿರುಪು ಬಿಗಿದದ್ದು ಆ ಸುಳ್ಳು ದಿಕ್ಕಿಗೆ. ವಿಮಾನ ಕೈಬಿಟ್ಟು ಕತ್ತಿಯಿಂದ ದೂರವಾದ ಕೂಡಲೇ ಕಾಂತ ನಿಜವಾದ ಉತ್ತರಕ್ಕೆ ಹೊರಳಿತು, ವಿಮಾನ ಅದರ ಹಿಂದೆ ಹೋಯಿತು. ಅಂದರೆ ನನ್ನ ಕಲ್ಲು ಎಷ್ಟು ಚೆನ್ನಾಗಿ ತಿರುಗಿತ್ತೆಂದರೆ, ಅದಕ್ಕೇ ವಿಮಾನ ಬಿತ್ತು.

ಮರುದಿನವೇ ಅವರ ಮನೆಗೆ ಹೋದೆ. ಜಗುಲಿಯಲ್ಲಿ ಕೂತು ಬಿದಿರು ಸೀಳುತ್ತಿದ್ದರು. ಅವರ ಹೆಂಡತಿ ನೀರು ಬೆಲ್ಲ ತಂದಿಟ್ಟು ಬಾಗಿಲಲ್ಲಿ ನಿಂತರು. ನಾನು ಮೂಗಿನ ತುಂಡನ್ನು ಜಗುಲಿಯ ಮೇಲಿಟ್ಟೆ. ಅವರ ಕೈಯಲ್ಲಿದ್ದ ಕತ್ತಿಯನ್ನು ಕೇಳಿ ಪಡೆದು ಅದರ ಹತ್ತಿರ ತಂದೆ, ದೂರ ಒಯ್ದೆ, ಮತ್ತೆ ತಂದೆ.

ಮಾಸ್ತರರು ಕತ್ತಿ ವಾಪಸು ತಗೊಂಡು ಬಿದಿರು ಸೀಳುವುದನ್ನು ಮುಂದುವರಿಸಿದರು. "ಇದು ಗೊತ್ತಾಗ್ಲಿಕ್ಕೆ ನಿಂಗೆ ಇಷ್ಟು ವರ್ಷ ಬೇಕಾಯ್ತಾ? ನಂಗೆ ಅವತ್ತೇ ಗೊತ್ತಾಗಿತ್ತು. ಮೈಕಿನ ಹತ್ರ ಬರೂವಾಗ ಕತ್ತಿ ತೊಡೆಗೆ ಬಡೀತು."

"ಗೊತ್ತಿದ್ದೂ ಹಾಂಗೆ ಹೇಳಿದ್ರಾ?"

"ಮತ್ತೆಂತ ಹೇಳೂದು? ಇಪ್ಪತ್ತು ವರ್ಷ ನಿಜವಾದ ವಿಮಾನ ರಿಪೇರಿ ಮಾಡಿದವ ಸೊಂಟಕ್ಕೆ ಕತ್ತಿ ಕಟ್ಕೊಂಡು ದಿಕ್ಕು ನೋಡ್ದ ಅಂತಾ? ಮರುದಿನ ನಾನು ಶಾಲೆಗೆ ಹೋಗೂದು ಹೆಂಗೆ? ನೀನು ವಾಚಿನವ. ನಿಂಗೇನು, ನಾಲ್ಕು ದಿನ ನಗ್ತಾರೆ, ಬಿಡ್ತಾರೆ."

"ನನ್ನಪ್ಪ ನಂಬಿದ" ಅಂದೆ.

ಬಿದಿರು ಸೀಳುವ ಕೈ ನಿಂತಿತು. ಏನಾದರೂ ಹೇಳುತ್ತಾರೆ ಎಂದುಕೊಂಡೆ. "ಅದು ನಿನ್ನಪ್ಪಂದು, ನಿಂದು" ಅಂದರು, ಮತ್ತೆ ಸೀಳತೊಡಗಿದರು.

ಅವರ ಹೆಂಡತಿ ಒಳಗೆ ಹೋದರು. ನಾನು ಬೆಲ್ಲ ಮುಟ್ಟದೆ ಎದ್ದು ಬಂದೆ.

ಆಮೇಲೆ ಅನೇಕ ವರ್ಷ ನಾವು ಎದುರಾಗಲಿಲ್ಲ. ನಾನು ನಾಲ್ಕಾರು ಜನರ ಹತ್ತಿರ ಕತ್ತಿಯ ಕತೆ ಹೇಳಿ ನೋಡಿದೆ. ಸೋತವನು ಕಟ್ಟಿದ ಕತೆ ಎಂದು ನಕ್ಕರು. "ಹೌದ್ರಾ, ಕತ್ತಿ ವಿಮಾನ ತಿರುಗಿಸ್ತಾ? ನಮ್ಮನೆ ಕತ್ತಿಗೆ ಎಮ್ಮೆನಾದ್ರೂ ತಿರುಗ್ತಾ ನೋಡ್ತೆ ತಡೀರಿ" ಅಂದವರೂ ಇದ್ದಾರೆ. ಮಾಸ್ತರರ ಬಾಯಿಂದ ಬರದೆ ಅದು ನಿಜವಾಗುವ ಹಾಗಿರಲಿಲ್ಲ.

ಅವರು ನಿವೃತ್ತರಾದ ವರ್ಷ ಒಂದು ಬೆಳಿಗ್ಗೆ ಅಂಗಡಿಯ ಮುಂದೆ ನಿಂತಿದ್ದರು. ಮೊದಲಿಗಿಂತ ಒಣಗಿದ್ದರು. ಈ ಸಲ ಕಾಂತವನ್ನು ತರದೆ, ಹೊಸ ಮೂಗಿನ ತುಂಡು ಮಾತ್ರ ತಂದಿದ್ದರು. ಗಿರಾಕಿಗಳು ಮೂವರಿದ್ದರು, ಒಬ್ಬ ಒಳಗೆ ಕೂತು, ಇಬ್ಬರು ರಸ್ತೆಯಲ್ಲಿ ನಿಂತು. ಮೂವರೂ ಅವರನ್ನು ಬಲ್ಲವರೇ, ನಮಸ್ಕಾರ ಮಾಡಿದರು.

"ಒಂದು ಕಲ್ಲು ಬೇಕಿತ್ತು" ಅಂದರು. "ನಾನೇ ಕೂರಿಸಿ ನೋಡಿದೆ. ಕೈ ನಿಲ್ಲೂದಿಲ್ಲ. ಹುಬ್ಬಳ್ಳಿಲೂ ಕೊಟ್ಟೆ. ಅಂವ ಮಾಡಿದ್ದು ತಡವರಿಸ್ತದೆ."

ಅವರ ಬಾಯಲ್ಲಿ ಇದು ಎಷ್ಟು ದೊಡ್ಡ ಮಾತು ಎಂದು ಅವರನ್ನು ಬಲ್ಲವರಿಗೆ ಗೊತ್ತು. ನನಗೂ ಗೊತ್ತಾಯಿತು. ಆದರೂ ನಾನು ಅದರ ಮೇಲೇ ಕಾಲಿಟ್ಟೆ.

"ಅಳತೆ ಈಗ ಕೈಲೇ ಇದೆ, ಅರ್ಧ ಗಂಟೆ ಕೆಲ್ಸ ಮಾಸ್ತರೇ. ಈಗ್ಲೇ ಮಾಡ್ಕೊಡ್ತೆ. ಈ ಮೂರು ಜನರ ಎದುರಿಗೆ ಒಂದು ಮಾತು ಹೇಳಿ. ಅವತ್ತು ಬಿದ್ದದ್ದು ಕಲ್ಲಿನಿಂದ ಅಲ್ಲ ಅಂತ. ಕತ್ತಿ ಗಿತ್ತಿ ಎಂತದೂ ಹೇಳೂದು ಬೇಡ. ಕಲ್ಲಿನಿಂದ ಅಲ್ಲ, ಅಷ್ಟೇ."

ಗಿರಾಕಿಗಳು ನನ್ನ ಮುಖ, ಅವರ ಮುಖ ನೋಡಿದರು. ಮಾಸ್ತರರು ಮೇಜಿನ ಮೇಲೆ ಆ ತುಂಡನ್ನು ಒಮ್ಮೆ ನನ್ನ ಕಡೆಗೆ ಸರಿಸಿದರು, ಒಮ್ಮೆ ತಮ್ಮ ಕಡೆಗೆ. ಅವರ ಎಲ್ಲ ವಿಮಾನಗಳಿಗಿಂತ ಆ ಹೊಸ ವಿಮಾನ ಅವರಿಗೆ ಬೇಕಾಗಿತ್ತು, ಅದು ನನಗೆ ಕಾಣುತ್ತಿತ್ತು. ಒಂದು ಮಾತಿನ ದೂರದಲ್ಲಿತ್ತು ಅದು.

ತುಂಡನ್ನು ಎತ್ತಿಕೊಂಡು ಅಂಗಿಯ ಜೇಬಿಗೆ ಹಾಕಿಕೊಂಡರು.

"ನೀನು ಕಸುಬು ಕಲ್ತದ್ದು ಚಲೋ ಇದ್ದು. ಮಾತು ಕಲ್ತದ್ದು ಹೆಚ್ಚಾತು" ಅಂದು ಇಳಿದು ಹೋದರು.

ಆ ವಿಮಾನ ಹಾರಲಿಲ್ಲ. ಮೂಗಿಲ್ಲದೆ ಅವರ ಜಗುಲಿಯ ಜಂತಿಗೆ ತೂಗಿಕೊಂಡಿತ್ತಂತೆ. ಎರಡು ವರ್ಷದ ಮೇಲೆ ಅವರು ತೀರಿಕೊಂಡರು. ಒಂದು ಮಾತು ಆಡುವುದಕ್ಕಿಂತ ಹಾರಿಸದೆ ಸಾಯುವುದು ಅವರಿಗೆ ಸುಲಭವಾಯಿತು. ಇದರಲ್ಲಿ ನನ್ನ ಪಾಲೂ ಇದೆ ಎಂದು ಕೆಲವರು ಅಂದರು. ಇರಬಹುದು. ನಾನು ಅವತ್ತು ಕೇಳಿದ್ದನ್ನು ಇವತ್ತೂ ಕೇಳುತ್ತಿದ್ದೆ.

ಹದಿಮೂರನೆಯ ದಿನದ ಊಟಕ್ಕೆ ಅವರ ಹೆಂಡತಿ ಫೋನು ಮಾಡಿಸಿದ್ದರು, ನಾನು ಬರಲೇಬೇಕೆಂದು. ಹೋಗುವ ಮನಸ್ಸಿರಲಿಲ್ಲ. ಮಾಸ್ತರರ ಮೇಲಿನ ಸಿಟ್ಟಿಗೆ ಈ ಹೆಂಗಸು ಎಂಥದೂ ಮಾಡಿದವರಲ್ಲ ಎಂದು ಹೋದೆ. ಅಂಗಳದ ಚಪ್ಪರದಲ್ಲಿ ಉದ್ದ ಪಂಕ್ತಿ. ಶಾಲೆಯ ಮಾಸ್ತರರು, ಹಳೆಯ ವಿದ್ಯಾರ್ಥಿಗಳು, ಊರವರು. ಅನ್ನದ ಮೇಲೆ ಸಾರು ಬರುತ್ತಿತ್ತು. ಆಗ ಮಾಸ್ತರರ ಹೆಂಡತಿ ಜಗುಲಿಯ ಮೇಲೆ ಬಂದು ನಿಂತರು. ನಿಧಾನ ಊಟ ಮಾಡಿ ಎಂದು ಉಪಚಾರ ಹೇಳಲು ಬಂದರು ಎಂದುಕೊಂಡು ಎಲ್ಲರೂ ತಲೆಯೆತ್ತಿದರು.

"ಎಲ್ಲರೂ ಇದ್ದಿ, ಒಂದು ಮಾತು ಹೇಳ್ತೆ" ಅಂದರು. ಧ್ವನಿ ದೊಡ್ಡದಲ್ಲ, ಆದರೆ ನಡುಗಲಿಲ್ಲ. "ಅವತ್ತು ಶಾಲೆ ಹಿಂದೆ ಇವರ ವಿಮಾನ ಬಿದ್ದದ್ದು ಶಿರಸಿ ವಾಚಿನವರ ಕಲ್ಲಿನಿಂದ ಅಲ್ಲ. ನಮ್ಮನೆಯವರ ಸೊಂಟದ ಕತ್ತಿ ಹತ್ತಿರ ಇದ್ದು ಕಾಂತ ದಿಕ್ಕು ತಪ್ಪಿತ್ತು. ಅವರಿಗೆ ಗೊತ್ತಿತ್ತು. ಹೇಳಲಿಲ್ಲೆ. ನಾನೂ ಇಷ್ಟು ವರ್ಷ ಹೇಳಲಿಲ್ಲೆ. ಈಗ ಹೇಳಿದ್ದೆ."

ಸಾರಿನವನು ಸೌಟು ಹಿಡಿದು ನಿಂತಿದ್ದ. ನನ್ನ ಎದುರಿನ ಸಾಲಿನ ನಿವೃತ್ತ ಮಾಸ್ತರರೊಬ್ಬರು ತಲೆ ತಗ್ಗಿಸಿದರು. ನನ್ನ ಪಕ್ಕದಲ್ಲಿ ಕೂತಿದ್ದ ಹಳೆಯ ವಿದ್ಯಾರ್ಥಿ ಬಗ್ಗಿ ನನ್ನ ಕಿವಿಯಲ್ಲಿ, "ಯಾವ ವಿಮಾನದ್ದು ಹೇಳ್ತಿದ್ರು ಅವ್ರು?" ಅಂತ ಕೇಳಿದ. ಅಷ್ಟರಲ್ಲಿ ಯಾರೋ, "ಸಾರು ಬರ್ಲಿ ಈ ಕಡೆಗೆ" ಅಂದರು. ಪಂಕ್ತಿ ಮೊದಲಿನ ಹಾಗಾಯಿತು.

ನಾನು ಎದ್ದು ಅವರಿಗೆ ಕೈಮುಗಿಯಬೇಕಿತ್ತು. ಊಟದ ನಡುವೆ ಏಳುವ ಹಾಗಿರಲಿಲ್ಲ. ಎಲೆಯ ಮೇಲೆ ಬಡಿಸಿದ್ದನ್ನು ಒಂದು ಅಗುಳು ಬಿಡದೆ ಊಟ ಮಾಡಿದೆ, ಆ ಅಕ್ಕನ ಮರ್ಯಾದೆಗೆ. ಗಂಡನ ಹದಿಮೂರನೆಯ ದಿನ ಅಷ್ಟು ಜನರ ಮುಂದೆ ಹಾಗೆ ನಿಲ್ಲುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತು. ಮಾಸ್ತರರಿಗೂ ಗೊತ್ತಿತ್ತು. ಒಂದು ಸಾಲಿನ ಆ ಮಾತನ್ನು ಅವರು ಬದುಕಿದ್ದಷ್ಟು ದಿನ ತಾವು ಆಡಲಿಲ್ಲ, ಅದನ್ನು ಈ ಹೆಂಗಸಿನ ತಲೆಯ ಮೇಲೆ ಹೊರಿಸಿ ಹೋದರು. ನನ್ನಪ್ಪನ ವಿಷಯವನ್ನು ಬೇಕಾದರೆ ಒಂದು ದಿನ ಮರೆತೇನು. ಇದನ್ನು ಮರೆಯಲಾರೆ.